ಸಂಗ್ರಹಕಾರನ ಋಣ

ಲೆಕ್ಕ, ಒಗಟು, ಯುಕ್ತಿಪ್ರಶ್ನೆಗಳ ಸಂಕಲನವು ಒಬ್ಬನ ಕೈಯಿಂದಲೇ ಸಿದ್ಧವಾಗುವುದು ವಿರಳ. ಒಬ್ಬನು ಸಮಸ್ಯೆಯನ್ನು ರಚಿಸುತ್ತಾನೆ, ಮತ್ತೊಬ್ಬನು ಬಿಡಿಸುವ ಕ್ರಮವನ್ನು ತೋರುತ್ತಾನೆ, ಇನ್ನೊಬ್ಬನು ತಪ್ಪನ್ನು ತಿದ್ದುತ್ತಾನೆ. ಅವರವರ ಪಾಲನ್ನು ಗ್ರಂಥದಲ್ಲಿ ದಾಖಲಿಸುವುದು ಕೇವಲ ಸೌಜನ್ಯವೋ, ಧರ್ಮವೋ?

ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ದುಂಬಿಗಳ ಗುಂಪು, ಆನೆಗಳ ಹಿಂಡು, ದಾರಿಯಲ್ಲಿ ಹಣದ ಚೀಲವನ್ನು ಕಂಡ ವರ್ತಕರು ಮೊದಲಾದ ಸ್ವಾರಸ್ಯಕರ ಸಮಸ್ಯೆಗಳಿವೆ. ಗ್ರಂಥದ ಹೆಸರೇ ‘ಸಂಗ್ರಹ’. ಪೂರ್ವದ ಮುನಿಪರಂಪರೆಯ ಜ್ಞಾನಸಾಗರದಿಂದ ಸಾರವನ್ನು ಆಯ್ದಿರುವೆನೆಂದು ಆಚಾರ್ಯರು ಆರಂಭದಲ್ಲಿಯೇ ತಿಳಿಸುತ್ತಾರೆ. ಯಾವ ಸಮಸ್ಯೆ ಯಾರದೆಂಬ ವಿವರ ಅಲ್ಲಿಲ್ಲ. ಅದು ಕೊರತೆಯೇ ಸರಿ; ಆದರೂ ಋಣದ ಒಪ್ಪಿಗೆಯಿದೆ.

1912ರಲ್ಲಿ ಮದರಾಸಿನಲ್ಲಿ ಈ ಗ್ರಂಥವನ್ನು ಪ್ರಕಟಿಸಿದ ಎಂ. ರಂಗಾಚಾರ್ಯರು ಒಂದು ಹೆಜ್ಜೆ ಮುಂದೆ ಹೋದರು. ಮೂಡಬಿದಿರೆಯ ಜೈನ ಮಠದ ಪ್ರತಿ, ವಲ್ಲಭನ ಕನ್ನಡ ಟೀಕೆಯುಳ್ಳ ಮೈಸೂರಿನ ಪ್ರತಿ ಎಂದು ತಮಗೆ ಒದಗಿದ ಆಕರಗಳನ್ನು ಮುನ್ನುಡಿಯಲ್ಲಿ ಬೇರೆಬೇರೆಯಾಗಿ ನಿರೂಪಿಸಿದರು. 2000ದಲ್ಲಿ ನಮ್ಮ ಜಿಲ್ಲೆಯ ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆಯು ಇದನ್ನು ಕನ್ನಡ ಅನುವಾದದೊಡನೆ ಹೊರತಂದಾಗ, ಅನುವಾದಿಸಿದ ಪದ್ಮಾವತಮ್ಮನವರ ಹೆಸರು ಗ್ರಂಥದೊಡನೆ ನಿಂತಿತು. ಇದು ಮೆಚ್ಚತಕ್ಕ ಮಾದರಿ.

ಇದಕ್ಕೆ ಹೋಲಿಸಿದರೆ, ಪಾಠಶಾಲೆಯ ಮಕ್ಕಳಿಗೆಂದು ಹಂಚಲಾಗುವ ಎಷ್ಟೋ ಕಿರುಹೊತ್ತಗೆಗಳಲ್ಲಿ ಮುದ್ರಣಕ್ಕೆ ಧನಸಹಾಯ ಮಾಡಿದವರ ಭಾವಚಿತ್ರವಿರುತ್ತದೆ. ಪ್ರಶ್ನೆಗಳನ್ನು ರಚಿಸಿದವರ ಹೆಸರಿರುವುದಿಲ್ಲ. ಶಾಸ್ತ್ರದಾನ ಶ್ರೇಷ್ಠವೆಂಬುದರಲ್ಲಿ ಸಂಶಯವಿಲ್ಲ. ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂದು ಕೊಂಡಾಡುತ್ತೇವೆ, ಆ ದಾನದಿಂದ ಪೊನ್ನನ ಹೆಸರು ಮರೆಯಾಗಲಿಲ್ಲ. ಆದರೆ ಓಲೆಗಳ ಮೇಲೆ ಬರೆದ ಲಿಪಿಕಾರರನ್ನು ಸ್ಮರಿಸಲು ನಮ್ಮ ಬಳಿ ಹೆಸರುಗಳೇ ಉಳಿದಿಲ್ಲ.

‘ಧರ್ಮಕಾರ್ಯದಲ್ಲಿ ಹೆಸರಿನ ಆಸೆಯೇಕೆ?’ ಎಂದು ಕೆಲವರು ಕೇಳುವುದುಂಟು. ಹೆಸರನ್ನು ತ್ಯಜಿಸುವ ಅಧಿಕಾರ ಕೊಟ್ಟವನದು, ಪಡೆದವನದಲ್ಲ. ಕೊಡದುದನ್ನು ತೆಗೆದುಕೊಳ್ಳುವುದು ಸ್ತೇಯವೆಂದು ತತ್ತ್ವಾರ್ಥಸೂತ್ರವು ವಿಧಿಸಿದೆ. ಒಂದು ವಸ್ತುವನ್ನು ಮತ್ತೊಂದೆಂದು ಮಾರುವ ಪ್ರತಿರೂಪಕ ವ್ಯವಹಾರವನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಅಂಗಡಿಯ ತಕ್ಕಡಿಗೆ ಅನ್ವಯಿಸುವ ಈ ನಿಯಮ ಪುಸ್ತಕದ ಮುಖಪುಟಕ್ಕೂ ಸಲ್ಲಬೇಕು.

ಆದುದರಿಂದ ಬಸದಿಗಳ ಟ್ರಸ್ಟಿನವರು ಮುಂದಿನ ಪ್ರಕಟಣೆಗಳಲ್ಲಿ ಒಂದು ಪುಟವನ್ನು ಇದಕ್ಕೆಂದೇ ಮೀಸಲಿಡಲಿ: ರಚಿಸಿದವರು, ಬಿಡಿಸಿದವರು, ತಿದ್ದಿದವರು, ಹಸ್ತಪ್ರತಿ ಒದಗಿಸಿದವರು. ಕರ್ತೃ ತಿಳಿಯದಿದ್ದಲ್ಲಿ ‘ಪರಂಪರಾಗತ’ ಎಂದು ನಮೂದಿಸಲಿ. ಜಮಾ ಕಡೆಯನ್ನು ಬರೆಯದ ಖಾತೆಯನ್ನು ಯಾವ ವರ್ತಕನೂ ಸರಿಯೆಂದು ಒಪ್ಪಲಾರನು.