ಚುಕ್ಕೆಗಳ ನಡುವಿನ ಗೆರೆ

ತಾಮ್ರದ ತಂತಿಯ ಕಾಯಿಲೊಂದರ ಎರಡು ತುದಿಗಳನ್ನು ಪೆಟ್ಟಿಗೆಯ ಎ1 ಮತ್ತು ಗ್ರೌಂಡಿಗೆ ಸಿಕ್ಕಿಸಿ, ಕಾಗದ ಸುತ್ತಿ ಮಾಡಿದ ಕೊಳವೆಯನ್ನು ಅದರೊಳಗೆ ತೂರಿಸಿ, ಮೇಲಿನಿಂದ ಪುಟ್ಟ ಅಯಸ್ಕಾಂತವನ್ನು ಬಿಡಬೇಕು. ಲ್ಯಾಪ್‌ಟಾಪಿನ ಪರದೆಯಲ್ಲಿ ಗೆರೆ ಒಮ್ಮೆ ಉಬ್ಬಿ, ಸೊನ್ನೆಗೆ ಬಂದು, ಆಮೇಲೆ ತಗ್ಗಾಗಿ ಕೆಳಗಿಳಿಯುತ್ತದೆ. ತಗ್ಗು ಉಬ್ಬಿಗಿಂತ ಆಳವಾಗಿರುತ್ತದೆ, ಅಗಲದಲ್ಲಿ ಮಾತ್ರ ಕಿರಿದು. ಕಾಯಿಲಿನೊಳಗೆ ಬರುವಾಗ ಇದ್ದ ವೇಗಕ್ಕಿಂತ ಹೊರಗೆ ಹೋಗುವಾಗಿನ ವೇಗ ಹೆಚ್ಚಿರುವುದರಿಂದ ಹೀಗೆ. ಫ್ಯಾರಡೆಯ ನಿಯಮವನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು ನಾನು. ಆ ಉಬ್ಬುತಗ್ಗುಗಳ ವ್ಯತ್ಯಾಸವನ್ನು ಮಕ್ಕಳಿಗೆ ಕಣ್ಣಾರೆ ತೋರಿಸಲು ಆಗಿದ್ದು ಈ ಪೆಟ್ಟಿಗೆ ಬಂದ ಮೇಲೆಯೇ. ನಮ್ಮ ಲ್ಯಾಬಿನ ಹಳೆಯ ಕ್ಯಾಥೋಡ್ ರೇ ಆಸಿಲೋಸ್ಕೋಪ್, ಅಂದರೆ ಸಿಆರ್‌ಓದಲ್ಲಿ ಅದು ಮಿಂಚಿ ಮಾಯವಾಗುತ್ತಿತ್ತು, ಕಂಡವರಿಗೆ ಕಂಡಷ್ಟು.

ಪೆಟ್ಟಿಗೆಯ ಹೆಸರು ಎಕ್ಸ್‌ಪ್‌ಐಸ್-17. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರಿನಲ್ಲಿ ಬಿ.ಪಿ. ಅಜಿತ್ ಕುಮಾರ್ ಅವರ ಮುಂದಾಳತ್ವದಲ್ಲಿ 2004ರ ಸುಮಾರಿಗೆ ಶುರುವಾದ ಫೀನಿಕ್ಸ್ ಯೋಜನೆಯ ಕೂಸು ಇದು. ಅಂಗೈಗಿಂತ ತುಸು ದೊಡ್ಡದಾದ ಈ ಸಾಧನ ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುತ್ತದೆ. ಎ1, ಎ2 ಎಂಬ ಎರಡು ಇನ್‌ಪುಟ್‌ಗಳು ಪ್ಲಸ್ 16 ವೋಲ್ಟಿನಿಂದ ಮೈನಸ್ 16 ವೋಲ್ಟಿನವರೆಗೆ ಅಳೆಯುತ್ತವೆ. ಸೆಕೆಂಡಿಗೆ ಹೆಚ್ಚೆಂದರೆ ಹತ್ತು ಲಕ್ಷ ಸ್ಯಾಂಪಲ್. ಮೈಕ್ ಜೋಡಿಸಲು ಒಂದು ಕಿಂಡಿ, ಸೈನ್ ಅಲೆ ಹುಟ್ಟಿಸಲು ಇನ್ನೊಂದು, ಚೌಕ ಅಲೆಗೆ ಮತ್ತೊಂದು. ತಂತ್ರಾಂಶ ಪೈಥಾನ್‌ನಲ್ಲಿ ಬರೆದದ್ದು, ಸ್ವತಂತ್ರ. ಬೇಕಾದವರು ಬಿಚ್ಚಿ ನೋಡಬಹುದು, ತಿದ್ದಬಹುದು.

ಇದರ ನಿಜವಾದ ಬೆಲೆ ತಿಳಿಯಬೇಕಾದರೆ ಧ್ವನಿಯ ಪ್ರಯೋಗ ಮಾಡಬೇಕು. ಪೀಜೋ ಬಜರಿಗೆ 3500 ಹರ್ಟ್ಸಿನ ಸೈನ್ ಅಲೆ ಕೊಟ್ಟು, ಎದುರಿಗೆ ಮೈಕ್ ಇಟ್ಟು, ಎರಡೂ ಅಲೆಗಳನ್ನು ಒಟ್ಟಿಗೆ ಪರದೆಗೆ ತರಬೇಕು. ಸ್ಕೇಲಿನ ಮೇಲೆ ಮೈಕನ್ನು ಮೆಲ್ಲಗೆ ಹಿಂದಕ್ಕೆ ಸರಿಸುತ್ತಾ ಹೋದರೆ ಮೈಕಿನ ಅಲೆ ಬಜರಿನ ಅಲೆಯ ಪಕ್ಕದಲ್ಲಿ ಜಾರುತ್ತಾ ಬರುತ್ತದೆ. ಎರಡರ ಶಿಖರಗಳೂ ಒಂದಕ್ಕೊಂದು ಸರಿಯಾಗಿ ಕೂತ ಜಾಗದಿಂದ ಹೆಚ್ಚುಕಡಿಮೆ 5 ಸೆಂಟಿಮೀಟರ್ ಸರಿದಾಗ ಒಂದರ ಶಿಖರಕ್ಕೆ ಸರಿಯಾಗಿ ಇನ್ನೊಂದರ ಕಣಿವೆ ನಿಲ್ಲುತ್ತದೆ. ಅರ್ಧ ತರಂಗದೂರ ಸಿಕ್ಕಿತು. ಇಮ್ಮಡಿಸಿ ಆವೃತ್ತಿಯಿಂದ ಗುಣಿಸಿದರೆ ಸೆಕೆಂಡಿಗೆ 350 ಮೀಟರಿನ ಆಸುಪಾಸು. ಶಬ್ದದ ವೇಗ ಮೇಜಿನ ಮೇಲೆ, ಪ್ಲಾಸ್ಟಿಕ್ ಸ್ಕೇಲಿನಲ್ಲಿ! ಸಿಆರ್‌ಓ ಇದ್ದ ಲ್ಯಾಬಿನಲ್ಲೂ ಇದನ್ನು ಮಾಡಬಹುದಿತ್ತು, ನಿಜ. ಆದರೆ ಇಡೀ ಬ್ಯಾಚಿಗೆ ಒಂದೇ ಸಿಆರ್‌ಓ, ಅದರ ಮೇಲೊಂದು ಬಟ್ಟೆಯ ಹೊದಿಕೆ, 'ನಾಬ್ ಮುಟ್ಟಬೇಡಿ' ಎನ್ನುವ ನಮ್ಮದೇ ಎಚ್ಚರಿಕೆ. ಮುಟ್ಟದೆ ಅಳತೆ ಕಲಿಯುವುದು ಹೇಗೆ? ಈ ಪೆಟ್ಟಿಗೆ ಮಕ್ಕಳ ಕೈಗೆ ಬಂದಿದೆ. ಅದಕ್ಕಾಗಿ ನಾನು ಅದಕ್ಕೆ ಋಣಿ.

ಋಣ ಇರುವುದರಿಂದಲೇ ಕೊರತೆಯನ್ನೂ ಹೇಳಬೇಕು. ಕೊರತೆ ಇರುವುದು ಪೆಟ್ಟಿಗೆಗಿಂತ ಹೆಚ್ಚಾಗಿ ಪರದೆಯಲ್ಲಿ, ಆ ಪರದೆಯನ್ನು ನಾವು ನಂಬುವ ರೀತಿಯಲ್ಲಿ.

ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಟ್ರಾನ್ಸ್‌ಫಾರ್ಮರಿನ ಅಲೆ ತೋರಿಸಿ, "ಸರ್, ಕರೆಂಟಿನ ಅಲೆಯ ತಲೆ ಚಪ್ಪಟೆ ಇದೆಯಲ್ಲ?" ಎಂದಳು. ಅವಳು ಜೋಡಿಸಿದ್ದು 12 ವೋಲ್ಟಿನ ಟ್ರಾನ್ಸ್‌ಫಾರ್ಮರ್. 12 ಎನ್ನುವುದು ಆರ್‌ಎಂಎಸ್ ಬೆಲೆ. ಶಿಖರ 17 ವೋಲ್ಟಿಗೆ ಮುಟ್ಟುತ್ತದೆ. ಇನ್‌ಪುಟ್ ನಿಲ್ಲುವುದು 16ಕ್ಕೆ. ಉಳಿದದ್ದನ್ನು ಕತ್ತರಿಸಿ, ಕತ್ತರಿಸಿದ್ದನ್ನೇ ಅಲೆಯ ಆಕಾರವೆಂಬಂತೆ ಪರದೆ ಬಿಡಿಸಿತ್ತು. 6 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ತಲೆ ದುಂಡಗಾಯಿತು. ಇದನ್ನು ಮೊದಲೇ ಹೇಳಿಕೊಡದೆ ಇದ್ದದ್ದು ನನ್ನ ತಪ್ಪು. (ಗೋಡೆಯ 230 ವೋಲ್ಟನ್ನಂತೂ ಇದರ ಹತ್ತಿರ ತರಲೇಬಾರದು. ಅದರ ಶಿಖರ 325 ವೋಲ್ಟ್, ಪೆಟ್ಟಿಗೆಯ ಗ್ರೌಂಡ್ ಯುಎಸ್‌ಬಿ ಮೂಲಕ ಕಂಪ್ಯೂಟರಿಗೇ ಸೇರಿದೆ. ಪ್ರಾಣದ ಪ್ರಶ್ನೆ.)

ಅಲೆಯ ಪಾರ (ಆಂಪ್ಲಿಟ್ಯೂಡ್) ಮತ್ತು ಆವೃತ್ತಿಯನ್ನು ಲೆಕ್ಕ ಹಾಕಿ ಅಂಕಿಯಲ್ಲೇ ಬರೆದು ತೋರಿಸುವ ಸೌಲಭ್ಯವನ್ನೂ ಹೀಗೇ ಒರೆಗೆ ಹಚ್ಚಬೇಕು. ಸಿಕ್ಕ ಬಿಂದುಗಳಿಗೆ ಚೆನ್ನಾಗಿ ಹೊಂದುವ ಸೈನ್ ಅಲೆಯನ್ನು ಹುಡುಕಿ ಅದರ ಪಾರವನ್ನು ಹೇಳುವುದು ಅದರ ಕ್ರಮ. ಸೈನ್ ಅಲೆಗೆ ಇದು ಬಲು ನಿಖರ. ಸೊನ್ನೆಯಿಂದ 5 ವೋಲ್ಟಿಗೆ ಜಿಗಿಯುವ ಚೌಕ ಅಲೆಗೆ ಇದೇ ಗಣಿತವನ್ನು ಹಚ್ಚಿದರೆ 3.18 ವೋಲ್ಟ್ ಬರುತ್ತದೆ. ಅಲೆಯೋ ತನ್ನ ಸರಾಸರಿಯಿಂದ 2.5 ವೋಲ್ಟಿಗಿಂತ ಆಚೆ ಹೋಗುವುದೇ ಇಲ್ಲ. ಆ ಅಂಕಿ ಸುಳ್ಳೇನೂ ಅಲ್ಲ, ಚೌಕ ಅಲೆಯೊಳಗೆ ಅಡಗಿರುವ ಮೂಲ ಸೈನ್ ಅಲೆಯ ಪಾರ ಅದು. 2.5ನ್ನು 4ರಿಂದ ಗುಣಿಸಿ ಪೈಯಿಂದ ಭಾಗಿಸಿದರೆ ಸಿಗುತ್ತದೆ. ಫೂರಿಯೆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ಆದರೆ ಅಂಕಿಯನ್ನು ಹಾಗೇ ರೆಕಾರ್ಡ್ ಪುಸ್ತಕಕ್ಕೆ ಇಳಿಸುವವರಿಗೆ ಆ ಬಾಗಿಲು ಕಾಣುವುದೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ತಕರಾರು ಗೆರೆಯ ಬಗ್ಗೆ. ಪೆಟ್ಟಿಗೆ ಅಳೆಯುವುದು ಬಿಡಿಬಿಡಿ ಬಿಂದುಗಳನ್ನು. ಅವುಗಳ ನಡುವೆ ಏನಾಯಿತೆಂದು ಅದಕ್ಕೆ ಗೊತ್ತಿಲ್ಲ. ಪರದೆ ಮಾತ್ರ ಬಿಂದುವಿನಿಂದ ಬಿಂದುವಿಗೆ ಗೆರೆ ಎಳೆದು, ಎಡೆಬಿಡದೆ ನೋಡಿದಂತೆ ತೋರಿಸುತ್ತದೆ. 9900 ಹರ್ಟ್ಸಿನ ಚೌಕ ಅಲೆಯನ್ನು 100 ಮೈಕ್ರೋಸೆಕೆಂಡಿಗೊಂದು ಬಿಂದುವಿನಂತೆ ಅಳೆದು ನೋಡಿ. ಸೆಕೆಂಡಿಗೆ ಹತ್ತು ಸಾವಿರ ಬಿಂದು. ಅಲೆಯ ಒಂದು ಸುತ್ತಿಗೆ ಒಂದಕ್ಕಿಂತ ಚೂರು ಹೆಚ್ಚು, ಅಷ್ಟೆ. ಪರದೆಯ ಮೇಲೆ ಸುಮಾರು 100 ಹರ್ಟ್ಸಿನ ಅಚ್ಚುಕಟ್ಟಾದ ಚೌಕ ಅಲೆ ನಿಲ್ಲುತ್ತದೆ. ನಡುಗುವುದಿಲ್ಲ, ಮಸುಕಾಗುವುದಿಲ್ಲ, ಅನುಮಾನಕ್ಕೆ ಎಡೆಯೇ ಕೊಡುವುದಿಲ್ಲ. ಸಿಆರ್‌ಓದಲ್ಲಿ ಟೈಮ್‌ಬೇಸ್ ತಪ್ಪಿದ್ದರೆ ಅಲೆಗಳು ಒತ್ತೊತ್ತಾಗಿ ಹಸಿರು ಪಟ್ಟಿಯಂತೆ ಕಾಣುತ್ತಿದ್ದವು, ನೋಡಿದ ಕೂಡಲೇ ಕೈ ನಾಬಿಗೆ ಹೋಗುತ್ತಿತ್ತು. ಇಲ್ಲಿ ತಪ್ಪು ಅಂದವಾಗಿ ಕೂತಿರುತ್ತದೆ. ಬಿಂದುಗಳ ನಡುವಿನ ಕಾಲಾವಧಿಯನ್ನು ಪರದೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರಬೇಕು, ಮೊದಲು ಚುಕ್ಕೆಗಳನ್ನೇ ತೋರಿಸಬೇಕು, ಕೇಳಿದವರಿಗೆ ಮಾತ್ರ ಗೆರೆ ಎಳೆದು ಕೊಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕಲಿಯುವವರ ಸಾಧನಕ್ಕೆ ಇದು ಇನ್ನೂ ಹೆಚ್ಚು ಅಗತ್ಯ.

ತಂತ್ರಾಂಶ ತೆರೆದಿರುವುದರಿಂದ ಈ ಕೆಲಸಕ್ಕಾಗಿ ಕಾಯುತ್ತಾ ಕೂರಬೇಕಿಲ್ಲ. ಪೈಥಾನ್‌ನಲ್ಲಿ ನಾಲ್ಕೈದು ಸಾಲು ಸಾಕು: ಯಾವ ಇನ್‌ಪುಟ್, ಎಷ್ಟು ಬಿಂದು, ಬಿಂದುಬಿಂದುವಿಗೆ ಎಷ್ಟು ಮೈಕ್ರೋಸೆಕೆಂಡ್. ಕಾಲ ಮತ್ತು ವೋಲ್ಟೇಜಿನ ಎರಡು ಪಟ್ಟಿಗಳು ಬರುತ್ತವೆ. ಈಗ ನನ್ನ ತರಗತಿಯ ಮೊದಲ ದಿನದ ಕೆಲಸ ಇದೇ. ಮಕ್ಕಳು ಅದೇ 9900 ಹರ್ಟ್ಸಿನ ಅಲೆಯ ಗೆರೆ ತೆಗೆದು ಚುಕ್ಕೆಗಳನ್ನಷ್ಟೇ ಉಳಿಸುತ್ತಾರೆ, 100 ಮೈಕ್ರೋಸೆಕೆಂಡ್ ಎಂದಿದ್ದ ಜಾಗದಲ್ಲಿ 10 ಎಂದು ಬರೆದು ಮತ್ತೆ ಓಡಿಸುತ್ತಾರೆ. 100 ಹರ್ಟ್ಸಿನ ಆ ಅಲೆ ಇಲ್ಲವಾಗಿ, ಸುತ್ತಿಗೆ ಹತ್ತರಂತೆ ಚುಕ್ಕೆಗಳು ಕಾಣಿಸುತ್ತವೆ, ಐದು ಮೇಲೆ, ಐದು ಕೆಳಗೆ.