ಒಂದೇ ಹೊಳ್ಳೆಯ ದೂರು

ಜಯನಗರದಲ್ಲಾಗಲಿ ಬಿಟಿಎಂ ಲೇಔಟಿನಲ್ಲಾಗಲಿ ಮೂಗು ಕಟ್ಟಿದೆ ಅಂದರೆ ಉತ್ತರ ಸಿದ್ಧ: ‘ಬೆಂಗಳೂರಿನ ಹವಾ ಸ್ವಾಮಿ, ಎಲ್ಲರಿಗೂ ಸೈನಸ್ಸೇ.’ ಬಹುಪಾಲು ಸಲ ಅದು ನಿಜವೂ ಹೌದು. ಆದರೆ ಧೂಳು, ಪರಾಗ ಹೊಳ್ಳೆ ನೋಡಿ ಒಳಗೆ ಹೋಗುವುದಿಲ್ಲ. ಒಂದೇ ಬದಿ ವಾರಗಟ್ಟಲೆ ಕಟ್ಟಿ, ರಕ್ತ ಒಸರಿ, ನಾರುವ ಹಕ್ಕಳೆ ಬರುತ್ತಿದ್ದು, ಕೆನ್ನೆಯೂ ಜೋಮು ಹಿಡಿದರೆ ಹವೆಯನ್ನು ದೂರಿ ಪ್ರಯೋಜನವಿಲ್ಲ. ಮೂಗಿನ ನಡುಗೋಡೆ ಸೊಟ್ಟಗಿದ್ದರೂ ಒಂದು ಬದಿ ಕಟ್ಟೀತು, ಕೆನ್ನೆ ಮರಗಟ್ಟದು.

ಇದಕ್ಕಿಂತ ಹಟಮಾರಿಯಾದ ನಂಬಿಕೆ ಇನ್ನೊಂದಿದೆ: ‘ಬಯಾಪ್ಸಿ ಆಯ್ತು, ಕ್ಯಾನ್ಸರ್ ಇಲ್ಲವಂತೆ.’ ಇಂಥ ಲಕ್ಷಣಗಳ ಹಿಂದೆ ಇರಬಹುದಾದ ಮೂಗಿನ ಲಿಂಫೋಮಾದ (ಬಿಳಿ ರಕ್ತಕಣಗಳ ಒಂದು ಕ್ಯಾನ್ಸರ್) ಮಟ್ಟಿಗೆ, ಅದರಲ್ಲೂ ಎನ್‌ಕೆ/ಟಿ ಕೋಶಗಳ ಬಗೆಯಲ್ಲಿ, ಈ ಮಾತು ಅಪಾಯಕಾರಿ. ಎಪ್‌ಸ್ಟೈನ್-ಬಾರ್ ವೈರಸ್ ಹೊತ್ತ ಈ ಜೀವಕೋಶಗಳು ರಕ್ತನಾಳಗಳ ಗೋಡೆಗೇ ನುಗ್ಗುತ್ತವೆ. ಸುತ್ತಲಿನ ಮಾಂಸ ಸಾಯುತ್ತದೆ. ಮೇಲಿಂದ ಚಿವುಟಿದ ತುಣುಕಿನಲ್ಲಿ ಸಿಗುವುದು ಆ ಸತ್ತ ಮಾಂಸ, ಒಂದಿಷ್ಟು ಉರಿಯೂತ. ಪೆಥಾಲಜಿಸ್ಟ್ ಬರೆಯುವುದೂ ಅಷ್ಟನ್ನೇ. ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ. ಮುಖದ ನಡುಭಾಗವನ್ನೇ ತಿಂದುಹಾಕುವ ಇಂಥ ರೋಗವನ್ನು ಮೆಕ್‌ಬ್ರೈಡ್ ಎಂಬ ವೈದ್ಯ 1897ರಲ್ಲೇ ವರ್ಣಿಸಿದ್ದ. ಆಮೇಲೂ ದಶಕಗಟ್ಟಲೆ ಅದಕ್ಕೆ ‘ಮಾರಕ ಗ್ರಾನುಲೋಮಾ’ ಎಂಬ ಹೆಸರಿತ್ತು. ಆ ಪ್ರಕರಣಗಳಲ್ಲಿ ಬಹಳಷ್ಟು ಲಿಂಫೋಮಾ ಎಂಬುದು ಎಷ್ಟೋ ತಡವಾಗಿ ಸ್ಪಷ್ಟವಾಯಿತು. ಪರಿಣತರನ್ನೇ ಅಷ್ಟು ಕಾಲ ಆಟವಾಡಿಸಿದ ರೋಗ, ಒಂದು ಚೂರು ಮಾಂಸಕ್ಕೆ ಗುಟ್ಟು ಬಿಟ್ಟುಕೊಡುತ್ತದೆಯೇ?

2021ರ ಕಪ್ಪು ಶಿಲೀಂಧ್ರದ ನೆನಪೂ ದಾರಿ ತಪ್ಪಿಸಬಲ್ಲದು. ಮೂಗಿನೊಳಗೆ ಕಪ್ಪು ಹಕ್ಕಳೆ ಕಂಡರೆ ಈಗ ಮೊದಲು ಹೊಳೆಯುವುದು ಮ್ಯೂಕರ್ ಎಂಬ ಆ ಶಿಲೀಂಧ್ರವೇ. ಲಿಂಫೋಮಾವೂ ಹಾಗೇ ಕಂಡೀತು. ಇನ್ನು ನಡುವೆ ನುಂಗಿದ ಸ್ಟಿರಾಯ್ಡ್ ಮಾತ್ರೆಯಿಂದ ಊತ ಇಳಿದರೆ ಮನೆಯವರಿಗೆ ಖುಷಿ. ಗಡ್ಡೆಯೂ ತಾತ್ಕಾಲಿಕವಾಗಿ ಕುಗ್ಗಿ, ಬಯಾಪ್ಸಿ ಇನ್ನಷ್ಟು ಗೊಂದಲವಾಗುತ್ತದೆ.

‘ಚುಚ್ಚಿದರೆ ಹರಡುತ್ತದೆ’ ಎಂಬ ಭಯವಂತೂ ಇಲ್ಲಿ ಆಧಾರವಿಲ್ಲದ್ದು. ಬೇಕಾದ್ದು ಹೆಚ್ಚು ಬಯಾಪ್ಸಿ: ಹಕ್ಕಳೆ ತೆಗೆದು, ಜೀವಂತ ಅಂಚಿನಿಂದ, ಆಳವಾಗಿ, ಹಲವು ತುಣುಕು. ಜೊತೆಗೆ ಚೀಟಿಯಲ್ಲಿ ‘ಲಿಂಫೋಮಾ ಶಂಕೆ’ ಎಂದು ಬರೆದಿರಬೇಕು. ಇಲ್ಲದಿದ್ದರೆ ಸಿಡಿ56, ಸಿಡಿ3 ಎಂಬ ಕೋಶಗುರುತುಗಳ ಪರೀಕ್ಷೆ, ವೈರಸ್ ಪತ್ತೆಯ ಇಬಿಇಆರ್ ಪರೀಕ್ಷೆ ಮಾಡುವ ಯೋಚನೆಯೇ ಯಾರಿಗೂ ಬರದೆ ಹೋಗಬಹುದು. ಹೆಸರು ಖಚಿತವಾಗದೆ ಮುಂದುವರಿಯುವಂತೆಯೂ ಇಲ್ಲ; ಈ ಬಗೆಗೆ ವಿಕಿರಣ ಮತ್ತು ಆಸ್ಪರಾಜಿನೇಸ್ ಇರುವ ಔಷಧಕ್ರಮ ಬೇಕು, ಉಳಿದ ಲಿಂಫೋಮಾಗಳ ಮಾಮೂಲಿ ಕೀಮೋ ಸಾಲದು.

ಜಯನಗರದ ಮಗ್ಗುಲಲ್ಲೇ 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಮೊದಲು ಪರೀಕ್ಷಿಸಿದ ಲ್ಯಾಬಿನಿಂದ ಸ್ಲೈಡು, ಮೇಣದ ಬ್ಲಾಕು ಕೇಳಿ ಪಡೆದು ಕ್ಯಾನ್ಸರ್ ಪೆಥಾಲಜಿ ಬಲ್ಲವರಿಗೆ ತೋರಿಸಬಹುದು. ಅದರಲ್ಲಿ ಜೀವಂತ ಅಂಗಾಂಶ ಉಳಿದಿದ್ದರೆ ಇಬಿಇಆರ್ ಪರೀಕ್ಷೆಯನ್ನು ಆ ಹಳೆಯ ಬ್ಲಾಕಿನ ಮೇಲೆಯೇ ಮಾಡಬಹುದು.