ಐಒಎಸ್ 26: ಗಾಜು ಹೊಳೆಯಿತು, ಅಕ್ಷರ ಮಸುಕಾಯಿತು

ಆಪಲ್ ಕಂಪನಿ 2025ರ ಸೆಪ್ಟೆಂಬರ್ 15ರಂದು ಐಫೋನ್‌ಗಳಿಗೆ ಬಿಡುಗಡೆ ಮಾಡಿದ ಐಒಎಸ್ 26ರಲ್ಲಿ ಮೂರು ಬಗೆಯ ಸರಕು ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಬಂದಿದೆ. ಮೊದಲನೆಯದು ಕಣ್ಣು ಕುಕ್ಕುವ ಹೊಸ ವಿನ್ಯಾಸ. ಎರಡನೆಯದು ದಿನಬಳಕೆಗೆ ಒದಗುವ ಒಂದಷ್ಟು ಸಣ್ಣ ಅನುಕೂಲಗಳು. ಮೂರನೆಯದು ಯಾರ ಕಣ್ಣಿಗೂ ಬೀಳದ ಸುರಕ್ಷತೆಯ ರಿಪೇರಿ ಕೆಲಸ. ಪ್ರಚಾರದಲ್ಲಿ ಸಿಂಹಪಾಲು ಮೊದಲನೆಯದಕ್ಕೆ ಸಿಕ್ಕಿತು, ಎರಡನೆಯದಕ್ಕೆ ಅಷ್ಟಿಷ್ಟು, ಮೂರನೆಯದಕ್ಕೆ ಏನೂ ಇಲ್ಲ. ಬಳಸುವವರ ಕಡೆಯಿಂದ ಬೆಲೆ ಕಟ್ಟಲು ಕೂತರೆ ಈ ಕ್ರಮ ಪೂರ್ತಿ ತಲೆಕೆಳಗಾಗುತ್ತದೆ.

ಮೊದಲು ಒಂದು ಸಣ್ಣ ಗೊಂದಲ ಪರಿಹರಿಸಿಕೊಳ್ಳೋಣ. 18ರ ನಂತರ 19 ಬರಬೇಕಿತ್ತಲ್ಲ, 26 ಎಲ್ಲಿಂದ ಬಂತು? ಐಫೋನ್, ಮ್ಯಾಕ್, ವಾಚ್‌ಗಳ ತಂತ್ರಾಂಶಕ್ಕೆ ಬೇರೆ ಬೇರೆ ಸಂಖ್ಯೆ ಇದ್ದದ್ದನ್ನು ಆಪಲ್ ಒಟ್ಟಿಗೆ ತಂದು, ಮುಂಬರುವ ವರ್ಷದ ಕೊನೆಯ ಎರಡು ಅಂಕಿ ಅಂಟಿಸಿದೆ. ಕಾರು ಕಂಪನಿಗಳು ಬಹಳ ಕಾಲದಿಂದ ಮಾಡುತ್ತಿರುವುದೇ ಇದು. ಹಾಗಾಗಿ ಸಂಖ್ಯೆ ನೆಗೆದಷ್ಟು ತಂತ್ರಾಂಶವೂ ನೆಗೆದಿದೆ ಎಂದು ತಿಳಿಯಬೇಕಿಲ್ಲ.

ಈಗ ವಿನ್ಯಾಸಕ್ಕೆ ಬರೋಣ. 2025ರ ಜೂನ್ 9ರಂದು ನಡೆದ ಡೆವಲಪರ್ ಸಮಾವೇಶದಲ್ಲಿ ಆಪಲ್ ಇದನ್ನು 'ಲಿಕ್ವಿಡ್ ಗ್ಲಾಸ್' ಎಂದು ಪರಿಚಯಿಸಿತು. ತಲೆಗೆ ಕಟ್ಟಿಕೊಳ್ಳುವ ವಿಷನ್ ಪ್ರೋ ಸಾಧನದ ತಂತ್ರಾಂಶದಿಂದ ಪ್ರೇರಣೆ ಪಡೆದ ಶೈಲಿ ಇದು. ಬಟನ್, ಮೆನು, ನೋಟಿಫಿಕೇಷನ್, ಕೆಳಗಿನ ಟ್ಯಾಬ್ ಪಟ್ಟಿ ಎಲ್ಲವೂ ದಪ್ಪ ಗಾಜಿನ ತುಂಡುಗಳ ಹಾಗೆ ಕಾಣುತ್ತವೆ. ಹಿಂದಿರುವ ಚಿತ್ರ ಗಾಜಿನ ಅಂಚಿನಲ್ಲಿ ಬಾಗುತ್ತದೆ, ಫೋನನ್ನು ಓರೆ ಮಾಡಿದರೆ ಅಂಚಿನ ಹೊಳಪೂ ಸರಿಯುತ್ತದೆ. ಇದನ್ನೆಲ್ಲ ಫೋನ್ ಆ ಕ್ಷಣದಲ್ಲೇ ಲೆಕ್ಕ ಹಾಕಿ ತೋರಿಸುತ್ತದೆ. ಸ್ವಿಚ್ ಒಂದನ್ನು ಬೆರಳಿನಿಂದ ಎಳೆಯುವಾಗ ಅದರ ಗುಂಡಿ ನೀರಿನ ಹನಿಯಂತೆ ಉಬ್ಬಿ, ಮುಂದೆ ಹರಿದು, ಮತ್ತೆ ಗಟ್ಟಿಯಾಗುತ್ತದೆ. ಈ ಕುಸುರಿ ಕೆಲಸಕ್ಕೆ ಶಹಬ್ಬಾಸ್ ಅನ್ನಲೇಬೇಕು. ಬರೀ ಅಂದವನ್ನೇ ಅಳೆಯುವುದಾದರೆ ಇದು ಪೂರ್ಣಾಂಕ ಪಡೆಯುವ ಕೆಲಸ.

ಆದರೆ ನಾವು ಫೋನ್ ತೆಗೆಯುವುದು ಗಾಜು ನೋಡುವುದಕ್ಕಲ್ಲ, ಅದರ ಮೇಲೆ ಬರೆದದ್ದನ್ನು ಓದುವುದಕ್ಕೆ. ತಾಪತ್ರಯ ಶುರುವಾಗುವುದೇ ಅಲ್ಲಿ. ಪರದೆಯ ಮೇಲಿನ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ಅಂತರ ಇರಬೇಕು ಎನ್ನುವುದು ಜಾಲತಾಣ ರಚಿಸುವವರು ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ಮಾನದಂಡ. ಹಿನ್ನೆಲೆ ಗಟ್ಟಿಯಾಗಿದ್ದರೆ ವಿನ್ಯಾಸಕಾರ ಈ ಲೆಕ್ಕವನ್ನು ಮೊದಲೇ ಹಾಕಿಡಬಹುದು. ಹಿನ್ನೆಲೆ ಪಾರದರ್ಶಕವಾದರೆ ಹಿಂದೆ ಏನು ಬಂದು ನಿಲ್ಲುತ್ತದೋ ಯಾರಿಗೆ ಗೊತ್ತು? ಬಿಳಿ ಫ್ರಾಕ್ ತೊಟ್ಟ ಮಗಳ ಫೋಟೋವನ್ನು ವಾಲ್‌ಪೇಪರ್ ಮಾಡಿಕೊಂಡವರ ಲಾಕ್ ಸ್ಕ್ರೀನ್ ನೋಡಿ. ನೋಟಿಫಿಕೇಷನ್ ಬಂದು ಆ ಫ್ರಾಕಿನ ಮೇಲೆ ಕೂತರೆ ಸಾಲಿನ ಅರ್ಧ ಬಟ್ಟೆಯಲ್ಲಿ ಕರಗಿ, ಉಳಿದರ್ಧ ಕೂದಲಿನ ಕಪ್ಪಿನ ಮೇಲೆ ಮಾತ್ರ ಸ್ಪಷ್ಟವಾಗಿ ಉಳಿಯುತ್ತದೆ.

ಕನ್ನಡದಲ್ಲಿ ಓದುವವರಿಗೆ ಈ ತೊಡಕು ಇನ್ನೊಂದು ಸುತ್ತು ಬಿಗಿ. ನಮ್ಮ ಲಿಪಿಯಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಬುಡದಲ್ಲಿ ಸೀಳಿದ ಒಂದು ಸಣ್ಣ ಗೆರೆ. ಒತ್ತಕ್ಷರಗಳೋ ಸಾಲಿನ ಕೆಳಗೆ ಇಳಿದು ಪುಟ್ಟದಾಗಿ ಕೂರುತ್ತವೆ. ಅಕ್ಷರವೆಲ್ಲ ದುಂಡು, ತಿರುವು ಹತ್ತಿರ ಹತ್ತಿರ. ಗಟ್ಟಿ ಹಿನ್ನೆಲೆಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಅಲುಗುವ ಚಿತ್ರದ ಮೇಲಿನ ಗಾಜಿನಲ್ಲಿ ಮೊದಲು ಕಳೆದುಹೋಗುವುದು ಇಂಥ ಸೂಕ್ಷ್ಮ ಗೆರೆಗಳೇ. ಬ್ಯಾಂಕಿನಿಂದ ಬಂದ ಸಂದೇಶದಲ್ಲಿ 'ಧನ' ಹೋಗಿ 'ದನ' ಉಳಿದರೆ ನಕ್ಕು ಸುಮ್ಮನಾಗಬಹುದು. ಆದರೆ ವಯಸ್ಸಾದವರು ಪ್ರತಿ ಸಂದೇಶಕ್ಕೂ ಫೋನನ್ನು ಹತ್ತಿರ ತಂದು, ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದಬೇಕಾಗಿ ಬಂದರೆ ಅದು ನಗುವ ವಿಷಯವಲ್ಲ.

ಈ ದೂರು ಬಳಸುವವರ ಗೊಣಗಾಟ ಮಾತ್ರ ಅಲ್ಲ ಎನ್ನುವುದಕ್ಕೆ ಆಪಲ್‌ನ ನಡೆಯೇ ಸಾಕ್ಷಿ. ಬಿಡುಗಡೆಗೆ ಮುಂಚಿನ ಬೇಸಿಗೆಯ ಪರೀಕ್ಷಾ ಆವೃತ್ತಿಗಳಲ್ಲಿ ಗಾಜು ಒಮ್ಮೆ ಮಂಜಾಯಿತು, ಮತ್ತೊಮ್ಮೆ ತಿಳಿಯಾಯಿತು. ಬಿಡುಗಡೆಯಾಗಿ ಎರಡು ತಿಂಗಳು ತುಂಬುವ ಮೊದಲೇ, ನವೆಂಬರ್ 3ರಂದು ಬಂದ 26.1ರಲ್ಲಿ 'ಕ್ಲಿಯರ್' ಅಥವಾ 'ಟಿಂಟೆಡ್' ಎಂಬ ಆಯ್ಕೆ ಸೇರಿತು. ಎರಡನೆಯದನ್ನು ಒತ್ತಿದರೆ ಗಾಜು ಸಾಕಷ್ಟು ಗಟ್ಟಿಯಾಗುತ್ತದೆ. ಡಿಸೆಂಬರ್‌ನ 26.2ರಲ್ಲಿ ಲಾಕ್ ಸ್ಕ್ರೀನ್‌ನ ಗಡಿಯಾರ ಎಷ್ಟು ಪಾರದರ್ಶಕವಾಗಿರಬೇಕು ಎಂದು ಬಳಸುವವರೇ ನಿರ್ಧರಿಸುವ ಜಾರುಪಟ್ಟಿಯೂ ಬಂತು. ಒಂದು ವಿನ್ಯಾಸ ಸರಿಯಿದ್ದರೆ ಅದನ್ನು ಕಡಿಮೆ ಮಾಡಿಕೊಳ್ಳುವ ಗುಂಡಿಗಳನ್ನು ಇಷ್ಟು ಬೇಗ ಒಂದರ ಹಿಂದೊಂದು ಕೊಡುವ ಅಗತ್ಯ ಬೀಳುತ್ತಿರಲಿಲ್ಲ.

ಗಾಜಿನ ಮೋಹ ಈ ಉದ್ಯಮಕ್ಕೆ ಹೊಸದೂ ಅಲ್ಲ. ಮೈಕ್ರೋಸಾಫ್ಟ್ ತನ್ನ ವಿಂಡೋಸ್ ವಿಸ್ತಾದಲ್ಲಿ 'ಏರೋ' ಎಂಬ ಪಾರದರ್ಶಕ ಚೌಕಟ್ಟುಗಳನ್ನು ಮೆರೆಸಿ, 2012ರ ವಿಂಡೋಸ್ 8ರ ಹೊತ್ತಿಗೆ ಕೈಬಿಟ್ಟಿತು. ಆಪಲ್ ಕೂಡ 2013ರ ಐಒಎಸ್ 7ರಲ್ಲಿ ಇಂಥದ್ದೇ ಜಿಗಿತ ಹಾಕಿತ್ತು. ಆಗ ಪರದೆಯ ಚಲನೆಯಿಂದ ತಲೆಸುತ್ತು ಬರುತ್ತದೆ ಎಂಬ ದೂರು ಎದ್ದಾಗ, ಅದನ್ನು ತಗ್ಗಿಸುವ ಆಯ್ಕೆಯನ್ನು ಮುಂದಿನ ತಿಂಗಳ ಅಪ್‌ಡೇಟಿನಲ್ಲಿ ವಿಸ್ತರಿಸಬೇಕಾಯಿತು. ಮೊದಲು ಮೆರೆಸುವುದು, ಆಮೇಲೆ ಸರಿಪಡಿಸುವುದು. ಹನ್ನೆರಡು ವರ್ಷ ಕಳೆದರೂ ಈ ಚಾಳಿ ಬದಲಾಗಿಲ್ಲ.

ಎರಡನೆಯ ಸರಕು, ಅಂದರೆ ಸಣ್ಣ ಅನುಕೂಲಗಳು, ನಿಜಕ್ಕೂ ಚೆನ್ನಾಗಿವೆ. ಮೆಸೇಜಿನಲ್ಲಿ ಬಂದ ಉದ್ದ ವಿಳಾಸದಿಂದ ಪಿನ್‌ಕೋಡ್ ಒಂದನ್ನೇ ಆರಿಸಿ ಕಾಪಿ ಮಾಡಬಹುದು. ಮೊದಲು ಇಡೀ ಸಂದೇಶವನ್ನೇ ಹೊತ್ತೊಯ್ಯಬೇಕಿತ್ತು. ಅಲಾರಾಂ ಮುಂದೂಡಿದರೆ ಒಂಬತ್ತೇ ನಿಮಿಷ ಎಂಬ ಹಳೆಯ ಹಟ ಹೋಗಿ, 1ರಿಂದ 15 ನಿಮಿಷದವರೆಗೆ ನಮಗೆ ಬೇಕಾದಷ್ಟು ನಿದ್ದೆ ಸಿಗುತ್ತದೆ. ಚಾರ್ಜಿಗೆ ಹಾಕಿದರೆ ಇನ್ನೆಷ್ಟು ಹೊತ್ತು ಬೇಕು ಎಂದು ಫೋನೇ ಹೇಳುತ್ತದೆ. ಫೋನಿನಲ್ಲಿರುವ ಹಾಡಿನ ಚಿಕ್ಕ ತುಣುಕೊಂದನ್ನು ನೇರವಾಗಿ ರಿಂಗ್‌ಟೋನ್ ಮಾಡಿಕೊಳ್ಳಬಹುದು. ಬೇಸಿಕ್ ಫೋನ್ ಇಟ್ಟುಕೊಂಡವರು ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಕೆಲಸಕ್ಕೆ ಐಫೋನ್‌ನವರಿಗೆ ಈಗ ಮುಹೂರ್ತ ಕೂಡಿಬಂದಿದೆ. ತಡವಾದರೂ ಬಂತಲ್ಲ ಅನ್ನೋಣ.

ಈ ಸಾಲಿನಲ್ಲಿ ದೊಡ್ಡದು ಕರೆ ತಡೆಯುವ ವ್ಯವಸ್ಥೆ. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಫೋನೇ ಎತ್ತಿಕೊಂಡು, ಯಾರು, ಯಾಕೆ ಕರೆ ಮಾಡಿದ್ದು ಎಂದು ಕೇಳಿ, ಉತ್ತರವನ್ನು ಪರದೆಯ ಮೇಲೆ ಬರೆದು ತೋರಿಸುತ್ತದೆ. ಬೇಕಿದ್ದರೆ ಎತ್ತಬಹುದು, ಬೇಡವಾದರೆ ಬಿಡಬಹುದು. ಸಾಲ ಬೇಕಾ, ಸೈಟ್ ಬೇಕಾ ಎಂದು ಹೊತ್ತುಗೊತ್ತಿಲ್ಲದೆ ಕಾಡುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇರೆ ಇಲ್ಲ. ಆದರೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಗುರುತಿಲ್ಲದ ನಂಬರಿನಿಂದ ಕರೆ ಮಾಡುವವರೆಲ್ಲ ಪೀಡಕರಲ್ಲ. ಸಿಲಿಂಡರ್ ತಂದವರು, ಕೊರಿಯರ್‌ನವರು, ಗೇಟಿನ ಮುಂದೆ ನಿಂತ ಆಟೋ ಚಾಲಕ, ಆಸ್ಪತ್ರೆಯಿಂದ ಬೇರೆ ಯಾರದೋ ಫೋನ್ ಈಸಿಕೊಂಡು ಮಾತಾಡುವ ನೆಂಟರು, ಎಲ್ಲರದೂ ಗುರುತಿಲ್ಲದ ನಂಬರೇ. ಇವರನ್ನು ಎದುರುಗೊಳ್ಳುವ ಯಂತ್ರದ ದನಿಗೆ ಕನ್ನಡ ಬರುವುದಿಲ್ಲ. ಇಂಗ್ಲಿಷಿನಲ್ಲಿ ಹೆಸರು ಕೇಳಿದರೆ ಸಿಲಿಂಡರಿನವರು ರಾಂಗ್ ನಂಬರ್ ಎಂದುಕೊಂಡು ಕಟ್ ಮಾಡಿ ಮುಂದಿನ ಮನೆಗೆ ಹೋದರೆ ತಪ್ಪು ಅವರದಲ್ಲ. ಕಲ್ಪನೆ ಒಳ್ಳೆಯದು, ಆದರೆ ನಮ್ಮ ಬೀದಿಗೆ ಇನ್ನೂ ಹೊಂದಿಕೊಂಡಿಲ್ಲ.

ಭಾಷೆಯ ವಿಷಯದಲ್ಲಿ ಆಪಲ್ ಕೈಕಟ್ಟಿ ಕೂತಿದೆ ಎಂದರೆ ಅನ್ಯಾಯವಾದೀತು. 2024ರ ಐಒಎಸ್ 18ರಲ್ಲಿ ಲಾಕ್ ಸ್ಕ್ರೀನ್ ಗಡಿಯಾರಕ್ಕೆ ಕನ್ನಡ ಅಂಕಿಗಳು ಬಂದವು, 2025ರ 18.4ರಲ್ಲಿ ಇಡೀ ಫೋನನ್ನೇ ಕನ್ನಡಕ್ಕೆ ತಿರುಗಿಸಿಕೊಳ್ಳುವ ಅವಕಾಶ ಸಿಕ್ಕಿತು. ಹಾಗೆ ನೋಡಿದರೆ ಕನ್ನಡಿಗರಿಗೆ ಹೆಚ್ಚು ಕೊಟ್ಟದ್ದು ಸದ್ದಿಲ್ಲದೆ ಬಂದ ಆ 18.4. ಐಒಎಸ್ 26ರ ಹೆಗ್ಗಳಿಕೆಯಾದ ನೇರ ಅನುವಾದ ಸೌಲಭ್ಯ ಬಿಡುಗಡೆಯ ಹೊತ್ತಿಗೆ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮುಂತಾದವುಗಳ ಸುತ್ತಲೇ ಇತ್ತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಮೇಲಾಗಿ ಅದಕ್ಕೆ ಐಫೋನ್ 15 ಪ್ರೋ ಅಥವಾ ಅದಕ್ಕಿಂತ ಹೊಸ ಫೋನೇ ಆಗಬೇಕು. ಜಾಹೀರಾತಿನಲ್ಲಿ ಕಂಡದ್ದೆಲ್ಲ ನಮ್ಮ ಕೈಯಲ್ಲಿರುವ ಫೋನಿಗೆ ಬರುತ್ತದೆ ಎಂದು ನಂಬಿ ಅಪ್‌ಡೇಟ್ ಒತ್ತಿದವರಿಗೆ ನಿರಾಸೆ ಖಾತ್ರಿ.

ಹಳೆಯ ಫೋನುಗಳ ಲೆಕ್ಕ ಬೇರೆ. 2019ರ ಐಫೋನ್ 11ಕ್ಕೂ ಐಒಎಸ್ 26 ಸಿಗುತ್ತದೆ. ಆರು ವರ್ಷ ಹಳೆಯ ಫೋನಿಗೆ ಹೊಸ ತಂತ್ರಾಂಶ ಕೊಡುವುದು ಕಡಿಮೆ ಮಾತಲ್ಲ. ಈ ವಿಷಯದಲ್ಲಿ ಆಪಲ್ ಬಹುಕಾಲ ಉಳಿದವರಿಗಿಂತ ಮುಂದಿತ್ತು. ಆದರೆ ಬೆಳಕಿನ ಬಾಗುವಿಕೆಯನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ಹೊರೆ ಹಳೆಯ ಚಿಪ್ಪಿನ ಮೇಲೂ, ಸವೆದ ಬ್ಯಾಟರಿಯ ಮೇಲೂ ಬೀಳದೇ ಇರುವುದಿಲ್ಲ. ದೊಡ್ಡ ಅಪ್‌ಡೇಟ್ ಆದ ಕೂಡಲೇ ಫೋನ್ ಹಿನ್ನೆಲೆಯಲ್ಲಿ ಫೋಟೋ, ಕಡತಗಳನ್ನೆಲ್ಲ ಮತ್ತೆ ಜೋಡಿಸಿಕೊಳ್ಳುವುದರಿಂದ ಕೆಲಕಾಲ ಚಾರ್ಜ್ ಬೇಗ ಇಳಿಯಬಹುದು ಎಂದು ಆಪಲ್ಲೇ ಹೇಳಿದೆ. ಮೊದಲ ವಾರದ ಬ್ಯಾಟರಿ ನೋಡಿ ತೀರ್ಪು ಕೊಡುವುದು ಬೇಡ. ವಾರಗಳು ಕಳೆದರೂ ಚಾರ್ಜ್ ನಿಲ್ಲದಿದ್ದರೆ ಮಾತ್ರ ಚಿಂತೆ ಮಾಡಬೇಕು.

ಇನ್ನು ಮೂರನೆಯ ಸರಕು. ಡಿಸೆಂಬರ್‌ನ 26.2ರಲ್ಲಿ ಆಪಲ್ ತನ್ನ ಬ್ರೌಸರ್ ಎಂಜಿನ್ ವೆಬ್‌ಕಿಟ್‌ನಲ್ಲಿದ್ದ ಎರಡು ಗಂಭೀರ ತೂತುಗಳನ್ನು ಮುಚ್ಚಿತು. ಐಒಎಸ್ 26ಕ್ಕಿಂತ ಹಿಂದಿನ ಆವೃತ್ತಿ ಬಳಸುತ್ತಿದ್ದ ಕೆಲವು ನಿರ್ದಿಷ್ಟ ವ್ಯಕ್ತಿಗಳ ಮೇಲೆ ಇವುಗಳ ಮೂಲಕ ದಾಳಿ ನಡೆದಿರಬಹುದು ಎಂದೂ ಹೇಳಿತು. ಹಳೆಯ 18ನೇ ಸಾಲಿಗೂ 18.7.3 ಎಂಬ ರಿಪೇರಿ ಸಿದ್ಧವಾಯಿತು. ಆದರೆ ಸಾಮಾನ್ಯ ದಾರಿಯಲ್ಲಿ ಅದು ಸಿಕ್ಕಿದ್ದು 26ಕ್ಕೆ ಅರ್ಹತೆಯೇ ಇಲ್ಲದ ಎಕ್ಸ್‌ಎಸ್, ಎಕ್ಸ್‌ಆರ್‌ನಂಥ 2018ರ ಫೋನುಗಳಿಗೆ. ಐಫೋನ್ 11 ಅಥವಾ ಅದಕ್ಕಿಂತ ಹೊಸದು ಇಟ್ಟುಕೊಂಡು, ಗಾಜು ಬೇಡ, ಹಳೆಯದೇ ಇರಲಿ ಎಂದವರಿಗೆ ಸುರಕ್ಷತೆ ಬೇಕಾದರೆ ಗಾಜನ್ನೂ ಒಪ್ಪಿಕೊಳ್ಳಬೇಕಾಯಿತು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಬೇಕಾದರೆ ಈ ಸೋಪು, ಟೀಪುಡಿಯನ್ನೂ ತಗೊಳ್ಳಿ ಎಂದು ಕಾರ್ಡುದಾರರ ಕೈಗೆ ತುರುಕುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಒಮ್ಮೆ ಒಪ್ಪಿಕೊಂಡ ಮೇಲೆ ಹಿಂದಿರುಗುವ ದಾರಿಯೂ ಬೇಗ ಮುಚ್ಚುತ್ತದೆ. ಹಳೆಯ ಆವೃತ್ತಿಗೆ ಆಪಲ್ ತನ್ನ ಸಹಿ ಹಾಕುವುದನ್ನು ನಿಲ್ಲಿಸಿದರೆ ಅದನ್ನು ಫೋನಿಗೆ ಮತ್ತೆ ಹಾಕಿಕೊಳ್ಳಲು ಆಗುವುದಿಲ್ಲ.

ಐಒಎಸ್ 26ರ ಮೇಲಿನ ನನ್ನ ಮುಖ್ಯ ಆಕ್ಷೇಪ ಇದೇ. ಗಾಜಿನ ಅಂದ ಕೆಲವರಿಗೆ ಹಿಡಿಸಬಹುದು, ಕೆಲವರಿಗೆ ಹಿಡಿಸದಿರಬಹುದು. ಅದು ಅವರವರ ಅಭಿರುಚಿ. ಆದರೆ ರಿಪೇರಿ ಅಭಿರುಚಿಯ ವಿಷಯವಲ್ಲ, ಹಣ ಕೊಟ್ಟು ಫೋನ್ ಕೊಂಡವರ ಹಕ್ಕು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಬೇಕಾದರೆ ಎರಡನ್ನೂ ತಗೊಳ್ಳಿ ಎನ್ನುವಾಗ ಆಯ್ಕೆ ಎನ್ನುವುದು ಹೆಸರಿಗೆ ಮಾತ್ರ ಉಳಿಯುತ್ತದೆ. ಹಲವು ವರ್ಷ ರಿಪೇರಿ ಕೊಡುತ್ತೇವೆ ಎಂದು ಹೆಮ್ಮೆಪಡುವ ಕಂಪನಿ, ಹೊಸ ವಿನ್ಯಾಸ ಬೇಡ ಎಂದವರಿಗೂ ಒಂದು ವರ್ಷವಾದರೂ ರಿಪೇರಿಯನ್ನಷ್ಟೇ ಬೇರೆಯಾಗಿ ಕೊಡಬೇಕು. ಅದು ಆಪಲ್‌ಗೆ ಆಗದ ಕೆಲಸವಲ್ಲ, 18.7.3 ಸಿದ್ಧವಾಗಿತ್ತು ಎನ್ನುವುದೇ ಅದಕ್ಕೆ ಪುರಾವೆ.

ಹಾಗಾದರೆ ಹಾಕಿಕೊಳ್ಳಬೇಕೋ ಬೇಡವೋ? ಹಾಕಿಕೊಳ್ಳಬೇಕು, ಆದರೆ ಗಾಜಿಗಾಗಿ ಅಲ್ಲ, ಆ ತೂತು ಮುಚ್ಚುವ ಕೆಲಸಕ್ಕಾಗಿ. ಮೊದಲು ಫೋನಿನಲ್ಲಿರುವುದನ್ನೆಲ್ಲ ಬ್ಯಾಕಪ್ ಮಾಡಿ. ಹಾಕಿಕೊಂಡ ದಿನವೇ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗಕ್ಕೆ ಹೋಗಿ 'ಟಿಂಟೆಡ್' ಆರಿಸಿ. ಅದೂ ಸಾಲದಿದ್ದರೆ ಆ್ಯಕ್ಸೆಸಿಬಿಲಿಟಿಯಲ್ಲಿ ಪಾರದರ್ಶಕತೆ ತಗ್ಗಿಸುವ, ಕಾಂಟ್ರಾಸ್ಟ್ ಹೆಚ್ಚಿಸುವ ಸ್ವಿಚ್‌ಗಳಿವೆ. ಅಪ್ಪ ಅಮ್ಮಂದಿರ ಫೋನಿನಲ್ಲಿ ಅವನ್ನು ನೀವೇ ಕೂತು ಹಾಕಿಕೊಡಿ. ಅಪರಿಚಿತ ಕರೆಗಳನ್ನು ವಿಚಾರಿಸುವ ಸೌಲಭ್ಯವನ್ನು ಅವರ ಫೋನಿನಲ್ಲಿ ಸದ್ಯಕ್ಕೆ ಬಂದ್ ಮಾಡಿಡಿ. ಇಷ್ಟು ಮಾಡಿಕೊಂಡರೆ ಐಒಎಸ್ 26 ಉಪಯುಕ್ತ, ಸುರಕ್ಷಿತ, ಸಾಧಾರಣ ಚೆಂದದ ತಂತ್ರಾಂಶ. ತನ್ನ ಪ್ರಧಾನ ಆಕರ್ಷಣೆಯನ್ನು ಆದಷ್ಟು ತಗ್ಗಿಸಿಟ್ಟಾಗಲೇ ಒಂದು ಅಪ್‌ಡೇಟ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂದರೆ, ಅದನ್ನು ರೂಪಿಸಿದವರು ಯಾರ ಕಣ್ಣಿನಿಂದ ನೋಡಿ ರೂಪಿಸಿದರು ಎಂಬ ಪ್ರಶ್ನೆಗೆ ಆಪಲ್ ಉತ್ತರ ಕೊಡಬೇಕಾಗುತ್ತದೆ.